ಇಪ್ಪತ್ತೊಂದರ ಚೌಕ

ಮನೆಯಿಂದ,
ಮಾರ್ಚ್ ೧೪, ಸೋಮವಾರ ಬೆಳಗ್ಗೆ

ನನ್ನ ಮುನಿಸುಗಾತಿ ತಂಗೀ,

ಹೇಗಿದ್ದೀಯ? ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ? ಇಷ್ಟೆಲ್ಲ ಯಾಕೆ ಕೇಳುತ್ತಾಳೆ ಎಂದು ಹುಬ್ಬೇರಿಸಬೇಡ. ನಿನಗೆ ಹತ್ತು ವಾರವಾಯಿತೆಂದು ನಿನ್ನ ಯಜಮಾನರು ಫೋನ್ ಮಾಡಿ ಹೇಳಿದರು. ಅವರ ಮೇಲೆ ರೇಗಬೇಡ, ಪಾಪ, ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ನೀನು ನನ್ನ ಫೋನ್ ಎತ್ತದೆ ಎರಡು ವರ್ಷವಾಗುತ್ತ ಬಂತು. ಕಾಗದವಾದರೆ ಸಿಟ್ಟಿನಲ್ಲಿ ಹರಿದರೂ ಆಮೇಲೆ ಚೂರು ಜೋಡಿಸಿಕೊಂಡು ಓದುವವಳು ನೀನು, ಅದಕ್ಕೇ ಬರೆಯುತ್ತಿದ್ದೇನೆ. ನಾನೂ ನಮ್ಮಣ್ಣ ದೊರೆಯೂ ಚೆನ್ನಾಗಿದ್ದೇವೆ. ನಮ್ಮ ದೊರೆಗೆ ನಲವತ್ತೊಂದನೆಯ ವಯಸ್ಸಿಗೆ ಬಡ್ತಿ ಸಿಕ್ಕಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹೊದಿಕೆ ಮಡಚುತ್ತಿದ್ದವನನ್ನು ಕಾಲುಚೀಲ ಜೋಡಿ ಮಾಡುವ ಮೇಜಿಗೆ ಕೂರಿಸಿದ್ದಾರೆ. ಕೈ ಬೆನ್ನಿಗೆ ಕಟ್ಟಿಕೊಂಡು ಮೊದಲಿಗಿಂತ ಇನ್ನೂ ಗತ್ತಿನಿಂದ ಓಡಾಡುತ್ತಾನೆ. ಅಪ್ಪ ಅವನಿಗೆ ಸುಮ್ಮನೆ ದೊರೆ ಎಂದು ಹೆಸರಿಡಲಿಲ್ಲ.

ಈಗ ನನ್ನ ಸುದ್ದಿ. ನಮ್ಮ ಲ್ಯಾಬಿಗೆ ಹೊಸ ಯಂತ್ರ ಬಂತು. ನನ್ನ ಕೆಲಸ ನಿನಗೆ ಗೊತ್ತಲ್ಲ: ರಕ್ತದ ಒಂದೊಂದು ಕೋಶದ ಫೋಟೊ ತೆಗೆದು, ಅದರೊಳಗಿನ ವರ್ಣತಂತುಗಳನ್ನು ಕತ್ತರಿಸಿ, ಜೋಡಿ ಮಾಡಿ, ನಂಬರಿನ ಚೌಕಗಳಲ್ಲಿ ಅಂಟಿಸುವುದು. ಇಪ್ಪತ್ಮೂರು ಜೋಡಿ, ಒಟ್ಟು ನಲವತ್ತಾರು. ಇನ್ನು ಮೇಲೆ ಅದನ್ನೆಲ್ಲ ಯಂತ್ರವೇ ಮಾಡುತ್ತದಂತೆ. ಕೂರಿಸಲು ಬಂದ ಮೆಕ್ಯಾನಿಕ್, ಯಾವ ದೋಷವೂ ಇಲ್ಲದ ಒಂದು ಸ್ಲೈಡ್ ಕೊಡಿ ಮೇಡಂ, ಪರೀಕ್ಷೆ ಮಾಡೋಣ ಎಂದ. ನಾನು ಯೋಚಿಸದೆ ನನ್ನದನ್ನೇ ಕೊಟ್ಟೆ. ನಮ್ಮಲ್ಲಿ ಹಳೆಯ ಪದ್ಧತಿಯೊಂದಿದೆ. ಹೊಸ ಬಣ್ಣ ಕಲೆಸಿದಾಗಲೆಲ್ಲ ಮೊದಲು ನಮ್ಮದೇ ರಕ್ತದ ಸ್ಲೈಡಿಗೆ ಹಾಕಿ, ಗೆರೆಗಳು ಚೆನ್ನಾಗಿ ಮೂಡಿದವೇ ಎಂದು ನೋಡುತ್ತೇವೆ. ಹನ್ನೊಂದು ವರ್ಷದಿಂದ ಆ ಕೆಲಸಕ್ಕೆ ನನ್ನ ರಕ್ತವೇ. ಯಂತ್ರ ಎರಡು ನಿಮಿಷದಲ್ಲಿ ಎಲ್ಲವನ್ನೂ ಜೋಡಿಸಿ ತೋರಿಸಿತು. ಇಪ್ಪತ್ತೊಂದರ ಚೌಕದಲ್ಲಿ ಮಾತ್ರ ಒಂದೇ ಇತ್ತು. ಪಕ್ಕದ ಜಾಗ ಖಾಲಿ. ಸ್ಲೈಡೇ ಸರಿ ಇಲ್ಲ ಅನ್ಸತ್ತೆ ಮೇಡಂ ಎಂದ ಪುಣ್ಯಾತ್ಮ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ ಎಂದು ಅವನಿಗೆ ನಾಲ್ಕು ಜನರೆದುರಿಗೆ ಹೇಳಿಬಿಟ್ಟೆ. ಅವನು ಯಂತ್ರ ಬಿಚ್ಚಿ ಮತ್ತೆ ಕಟ್ಟಿದ. ಮತ್ತೆ ಅದೇ ಚೌಕ ಖಾಲಿ.

ಅವನ ಮುಖಕ್ಕೆ ಹಿಡಿಯಬೇಕೆಂದೇ ನಾನು ಹಳೆಯ ಕಾಲದಂತೆ ಫೋಟೊ ತೆಗೆದು ಕತ್ತರಿ ಹಿಡಿದು ಕುಳಿತೆ. ನಲವತ್ತೈದು. ಎಲ್ಲೋ ಒಂದು ಕೆಳಗೆ ಬಿತ್ತೆಂದು ಮೇಜಿನಡಿ ಹುಡುಕಿದೆ. ಇನ್ನೊಂದು ಕೋಶ ತೆಗೆದುಕೊಂಡೆ, ನಲವತ್ತೈದು. ಇಪ್ಪತ್ತು ಕೋಶ ಎಣಿಸಿದೆ ಕಣೇ. ಸೂಕ್ಷ್ಮದರ್ಶಕದ ಕೋಣೆಗೆ ಕಿಟಕಿ ಇಲ್ಲ, ಹೊರಗೆ ಒಂದು ಗಂಟೆಯ ಬಿಸಿಲಿದ್ದರೂ ಒಳಗೆ ಕತ್ತಲೆ. ನನ್ನ ಬೆನ್ನ ಹಿಂದೆ ಯಾರೋ ನಿಂತು, ನಾನು ಎಣಿಸುವುದನ್ನು ತಾವೂ ಎಣಿಸುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡಿದೆ, ಮೆಕ್ಯಾನಿಕ್ ಊಟಕ್ಕೆ ಹೋಗಿ ಆಗಿತ್ತು. ಆಮೇಲೆ ಕಂಡಿತು. ಕಾಣೆಯಾದದ್ದು ಎಲ್ಲಿಗೂ ಹೋಗಿರಲಿಲ್ಲ. ಹದಿನಾಲ್ಕರ ಜೋಡಿಯಲ್ಲಿ ಒಂದರ ನೆತ್ತಿಗೆ ಅಂಟಿಕೊಂಡು ಕೂತಿತ್ತು. ಹನ್ನೊಂದು ವರ್ಷ ಅದು ಅಲ್ಲೇ ಕೂತು ನನ್ನನ್ನು ನೋಡುತ್ತಿತ್ತು, ನಾನು ಅದರ ಬಣ್ಣ ನೋಡುತ್ತಿದ್ದೆ. ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಮೆಕ್ಯಾನಿಕ್‌ನ ಕ್ಷಮೆ ಕೇಳಿದೆ. ಯಾಕೆಂದು ಅವನಿಗೆ ಅರ್ಥವಾಗಲಿಲ್ಲ.

ಹೆದರಬೇಡ, ನನಗೇನೂ ಆಗಿಲ್ಲ. ಸಾಮಾನು ಎಲ್ಲ ಇದೆ, ಎರಡು ಪೆಟ್ಟಿಗೆಯದು ಒಂದೇ ಪೆಟ್ಟಿಗೆಯಲ್ಲಿದೆ, ಅಷ್ಟೇ. ತೊಂದರೆ ಬರುವುದು ಪಾಲು ಮಾಡುವಾಗ. ಶಾಲೆಯಲ್ಲಿ ಮಿಯಾಸಿಸ್ ಎಂದು ಬಾಯಿಪಾಠ ಮಾಡಿದ್ದೆಯಲ್ಲ: ಅಂಡಾಣು ತಯಾರಾಗುವಾಗ ಪ್ರತಿ ಜೋಡಿಯೂ ಬೇರೆಯಾಗಿ, ಒಂದು ಈ ಕಡೆ, ಇನ್ನೊಂದು ಆ ಕಡೆ ಹೋಗಬೇಕು. ಕೆಲವು ಸಲ ಯಾರಲ್ಲೇ ಆಗಲಿ ಒಂದು ಜೋಡಿ ಕೈ ಬಿಡಿಸಿಕೊಳ್ಳದೆ ಎರಡೂ ಒಂದೇ ಕಡೆಗೆ ಹೋಗಿಬಿಡುತ್ತವೆ. ಅದು ಆಕಸ್ಮಿಕ. ನನ್ನಂಥವರಲ್ಲಿ ಗೊಂದಲ ಮೊದಲೇ ಇರುತ್ತದೆ. ಇಬ್ಬಿಬ್ಬರು ಬೇರೆಯಾಗುವಲ್ಲಿ ಮೂವರು ತಬ್ಬಿಕೊಂಡಿರುತ್ತಾರೆ: ಅಂಟಿಕೊಂಡಿರುವ ಒಂದು, ಒಂಟಿ ಹದಿನಾಲ್ಕು, ಒಂಟಿ ಇಪ್ಪತ್ತೊಂದು. ಅಂಟಿದ್ದು ಒಂದು ಕಡೆ, ಒಂಟಿಗಳೆರಡೂ ಇನ್ನೊಂದು ಕಡೆ ಹೋದರೆ ಮಗು ನನ್ನ ಹಾಗೋ ಎಲ್ಲರ ಹಾಗೋ ಹುಟ್ಟುತ್ತದೆ. ಅಂಟಿದ್ದೂ ಒಂಟಿ ಇಪ್ಪತ್ತೊಂದೂ ಒಟ್ಟಿಗೆ ಹೋದರೆ ಮಗುವಿಗೆ ಇಪ್ಪತ್ತೊಂದರ ಮೂರು ಪಾಲು ಸಿಗುತ್ತದೆ, ನಮ್ಮ ದೊರೆಗೆ ಸಿಕ್ಕ ಹಾಗೆ. ಇಪ್ಪತ್ತೊಂದರ ಒಂದು ಪಾಲು ಕಡಿಮೆಯಾದರೆ ಮಗು ನಿಲ್ಲುವುದಿಲ್ಲ. ಮೈ ಜುಮ್ಮೆನ್ನುವ ಮಾತೊಂದಿದೆ. ಹೆಣ್ಣುಮಕ್ಕಳ ಅಂಡಾಣುಗಳು ಈ ಪಾಲನ್ನು ಶುರುಮಾಡುವುದು ಅವರಿನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ. ಶುರುಮಾಡಿ ಅರ್ಧಕ್ಕೇ ನಿಲ್ಲಿಸಿ, ವರ್ಷಗಟ್ಟಲೆ ಹಾಗೇ ಕಾಯುತ್ತವೆ. ನಾವು ಶಾಲೆಗೆ ಹೋದಾಗ, ಜಗಳವಾಡಿದಾಗ, ಅಪ್ಪ ಹೋದಾಗ, ಅಮ್ಮ ಹೋದಾಗ ಎಲ್ಲ ಅವು ನಮ್ಮೊಳಗೆ ತಬ್ಬಿಕೊಂಡೇ ನಿಂತಿದ್ದವು.

ದೊರೆಯ ರಕ್ತವನ್ನೂ ನೋಡಿದೆ. ಹುಟ್ಟಿದಾಗ ಡಾಕ್ಟರು ಮುಖ ನೋಡಿಯೇ ಡೌನ್ ಸಿಂಡ್ರೋಮ್ ಎಂದು ಹೇಳಿದ್ದರು, ಯಾರೂ ಎಣಿಸಿರಲಿಲ್ಲ. ತೋಳು ಚಾಚಿ, ಚೆನ್ನಾಗಿರೋದು ತಗೋ ಎಂದು ಅಪ್ಪಣೆ ಕೊಟ್ಟ. ಅವನದು ನಲವತ್ತಾರು, ಮೂರನೆಯ ಇಪ್ಪತ್ತೊಂದು ಅವನಲ್ಲೂ ಹದಿನಾಲ್ಕರ ನೆತ್ತಿಗೆ ಅಂಟಿಕೊಂಡಿದೆ. ಎಣಿಕೆಯಲ್ಲಿ ಅವನೇ ಸರಿ, ನಾನೇ ಒಂದು ಕಮ್ಮಿ. ಅವನಿಗೆ ಹೇಳಿದೆ. ತನಗೆ ಇದು ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸಿದ. ಆಮೇಲೆ ಒಳಗೆ ಹೋಗಿ, ಕಳೆದ ಸಲ ನೀನು ಬಿಟ್ಟುಹೋದ ಬೂದು ಬಣ್ಣದ ಒಂಟಿ ಕಾಲುಚೀಲ ತಂದು ನನ್ನ ಕೈಯಲ್ಲಿಟ್ಟ. ಇದ್ರ ಜೋಡಿ ಅವ್ಳ ಹತ್ರ ಇದೆ, ಎಂದ. ಅವನು ಕಾಲುಚೀಲದ ಮಾತನ್ನೇ ಆಡಿದ್ದು. ಆದರೂ ನನ್ನ ಕಣ್ಣ ಮುಂದೆ ಬಂದದ್ದು ಇಪ್ಪತ್ತೊಂದರ ಚೌಕ.

ಅಮ್ಮನ ಏಣಿ ನೆನಪಿದೆಯಾ? ದೊರೆ ಹೊಟ್ಟೆಯಲ್ಲಿದ್ದಾಗ ಕಿಟಕಿ ಒರೆಸಲು ಹತ್ತಿದ್ದಳಂತೆ. ಆ ಏಣಿ ಹತ್ಬಾರ್ದಿತ್ತು, ಎಂದು ಸಾಯುವ ತನಕ ಹೇಳಿದಳು. ನನಗೂ ನಿನಗೂ ನಡುವಿನ ಏಳು ವರ್ಷದಲ್ಲಿ ಮೂರು ಸಲ ಬಸಿರು ಇಳಿದಾಗಲೂ ಅದೇ ಮಾತು. ಅದನ್ನು ಹಿತ್ತಲ ಗೋಡೆಗೆ ಒರಗಿಸಿ ಯಾರೂ ಮುಟ್ಟದ ಹಾಗೆ ಮಾಡಿದ್ದಳು. ಬಲ್ಬ್ ಹೋದರೆ ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅಪ್ಪ. ನಿನಗೆ ಎರಡನೆಯ ಸಲ ಬಸಿರು ಇಳಿದಾಗ, ಇಷ್ಟೆಲ್ಲ ಓದಿದ ನಾನು, ದಿನವಿಡೀ ವರ್ಣತಂತು ಎಣಿಸುವ ನಾನು, ಆ ಬಸ್ಸಲ್ಲಿ ಓಡಾಡ್ಬಾರ್ದಿತ್ತು ನೀನು ಎಂದೆ. ಅಮ್ಮನ ಏಣಿಯನ್ನೇ ಎತ್ತಿಕೊಂಡು ಬಂದು ನಿನ್ನ ಮುಂದೆ ನಿಲ್ಲಿಸಿದೆ. ನೀನು ಫೋನ್ ಇಟ್ಟ ಸದ್ದು ಇನ್ನೂ ಕಿವಿಯಲ್ಲಿದೆ. ತಪ್ಪಾಯಿತು ಕಣೇ. ಅಮ್ಮನಿಗೆ ಹೇಳಲು ಅವಳಿಲ್ಲ, ನಿನಗಾದರೂ ಹೇಳುತ್ತೇನೆ. ನಿನ್ನೆ ಮಧ್ಯಾಹ್ನ ಆ ಏಣಿಯನ್ನು ಒಳಗೆ ತಂದು, ಹತ್ತಿ, ನಡುಮನೆಯ ಬಲ್ಬ್ ಬದಲಾಯಿಸಿದೆ. ದೊರೆ ಕೆಳಗೆ ಹಿಡಿದುಕೊಂಡಿದ್ದ.

ಇನ್ನೊಂದು ವಿಷಯ. ನನ್ನ ಲ್ಯಾಬ್ ನೋಡಲು ಬಂದ ವರ್ಷ ಹೋಲಿಸಿ ನೋಡುವುದಕ್ಕೆಂದು ನೀನೂ ರಕ್ತ ಕೊಟ್ಟಿದ್ದೆ. ಎಷ್ಟು ಬೇಕಾದ್ರೂ ತಗೋ, ಆಮೇಲೆ ಸಾಲ ಅಂತ ವಾಪಸ್ ತಂದ್ಕೊಡ್ಬೇಡ ಎಂದು ನಗಿಸಿದ್ದೆ. ಆ ಶೀಶೆ ಫ್ರೀಜರಿನಲ್ಲಿ ನನ್ನದರ ಪಕ್ಕದಲ್ಲೇ ಇದೆ. ಮುಚ್ಚಳದ ಮೇಲೆ ನನ್ನ ಅಕ್ಷರದಲ್ಲಿ ತಂಗಿ ಎಂದಿದೆ. ಅದನ್ನು ನಾನು ಮುಟ್ಟಿಲ್ಲ. ನೋಡು ಎಂದು ನೀನು ಒಂದು ಸಾಲು ಬರೆದರೆ ನೋಡುತ್ತೇನೆ, ಬೇಡ ಎಂದರೆ ಇಲ್ಲ. ನಿನ್ನ ರಕ್ತ, ನಿನ್ನ ಇಷ್ಟ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಹೊಟ್ಟೆಯಲ್ಲಿರುವುದಕ್ಕೆ ದೊಡ್ಡಮ್ಮನ ಮುತ್ತು, ಸೋದರಮಾವನ ಅಪ್ಪಣೆ: ಬೇಗ ಬರಬೇಕಂತೆ, ಅವನ ಮೇಜಿನ ಪಕ್ಕ ಜಾಗವಿದೆಯಂತೆ. ನೂರು ಕಾಲ ಚೆನ್ನಾಗಿರು.

ನಿನ್ನ
ಬಾಯಿ ಹಿಡಿತವಿಲ್ಲದ ಅಕ್ಕ

ತಾ.ಕ.: ಅಂಚೆಯವರು ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಶೀಶೆ ಮುಟ್ಟಿಲ್ಲ ಎಂದೆನಲ್ಲ, ಅದು ಸುಳ್ಳು. ನೀನು ಬೇಡ ಎಂದು ಬರೆಯುತ್ತೀಯ, ಅಷ್ಟರಲ್ಲಿ ವಾರಗಳು ಓಡುತ್ತವೆ ಎಂದು ಹೆದರಿ ಶುಕ್ರವಾರವೇ ನೋಡಿದೆ. ಇಪ್ಪತ್ತು ಕೋಶ ಎಣಿಸಿದೆ. ನಿನ್ನದೂ ನಲವತ್ತೈದು, ನಿನ್ನಲ್ಲೂ ಅದೇ ಚೌಕ ಖಾಲಿ. ಈ ಕಾಗದ ಕೈ ಸೇರಿದ ದಿನವೇ ಡಾಕ್ಟರ ಹತ್ತಿರ ಹೋಗಿ ತೋರಿಸು. ಹನ್ನೊಂದನೆಯ ವಾರ ದಾಟಿದ ಮೇಲೆ ಮಗುವಿನದನ್ನೂ ನೋಡಲು ಬರುತ್ತದೆ. ಏನು ಬಂದರೂ, ನೀವಿಬ್ಬರು ಏನು ತೀರ್ಮಾನ ಮಾಡಿದರೂ, ನಾನು ಬಾಯಿ ಮುಚ್ಚಿಕೊಂಡು ನಿನ್ನ ಪಕ್ಕದಲ್ಲಿರುತ್ತೇನೆ. ನನ್ನ ಮೇಲೆ ಇನ್ನೆರಡು ವರ್ಷ ಸಿಟ್ಟು ಮಾಡು, ಪರವಾಗಿಲ್ಲ. ನಿನ್ನ ಮೇಲೆ ಮಾತ್ರ ಬೇಡ. ಅದು ಬಸ್ಸಿನಿಂದ ಆದದ್ದಲ್ಲ ಕಣೇ.