ಅಧ್ಯಕ್ಷ ಎಂಬ ಪದಕ್ಕೆ ನನ್ನ ಸಹಿ

ನವೆಂಬರ್ ೯, ಭಾನುವಾರ ಮಧ್ಯಾಹ್ನ

ಅಮ್ಮಾ,

ನಿನಗೆ ಕಾಗದ ಬರೆದು ಆರು ವರ್ಷವಾಯಿತು. ಲಕೋಟೆ ನೋಡಿದ ಕೂಡಲೇ ನಿನ್ನ ಎದೆ ಹೊಡೆದುಕೊಂಡಿರುತ್ತದೆ. ಮೊದಲು ಒಂದು ಲೋಟ ನೀರು ಕುಡಿ. ನಾನು ಆರೋಗ್ಯವಾಗಿದ್ದೇನೆ, ಫೋನೂ ಆರೋಗ್ಯವಾಗಿದೆ. ಆದರೆ ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಮೂರು ಸಲ ಹೇಳಲು ಹೊರಟೆ. ಮೂರು ಸಲವೂ ನೀನು ಪೇಪರಿನಲ್ಲಿ ನನ್ನ ಬಗ್ಗೆ ಬಂದದ್ದನ್ನು ನನಗೇ ಓದಿ ಹೇಳಿದೆ.

ಆ ತುಂಡನ್ನು ಲ್ಯಾಮಿನೇಷನ್ ಮಾಡಿಸಿ ಅಂಗಡಿಯ ಕನ್ನಡಿಯ ಪಕ್ಕ ತೂಗುಹಾಕಿದ್ದೀಯಂತೆ. ತಮ್ಮ ಹೇಳಿದ. ಅಳತೆ ಕೊಡಲು ಬಂದವರು ಮೊದಲು ಅದನ್ನು ಓದಬೇಕಂತೆ, ಆಮೇಲೆಯೇ ನಿನ್ನ ಟೇಪು ಅವರ ಹೆಗಲ ಮೇಲೆ ಬೀಳುವುದಂತೆ. ‘ಸುಳ್ಳಿಗೆ ಸಹಿ ಹಾಕದ ಭಾಷಾಂತರಕಾರ್ತಿ’ ಎಂಬ ತಲೆಬರಹಕ್ಕೆ ಕೆಂಪು ಗೆರೆ ಬೇರೆ ಎಳೆದಿದ್ದೀಯಂತೆ.

ಅಮ್ಮಾ, ಆ ತಲೆಬರಹ ತಪ್ಪು. ನಾನು ಸಹಿ ಹಾಕಿದ್ದೆ. ಅದನ್ನು ಹೇಳಲೆಂದೇ ಈ ಕಾಗದ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಸಭಾಭವನದಲ್ಲಿ ನಾನಾ ದೇಶದವರು ಕೂತು ಮಾತನಾಡುತ್ತಾರೆ, ಅದು ಇಪ್ಪತ್ತೆರಡು ಭಾಷೆಗಳಲ್ಲಿ ಕೇಳಿಸಬೇಕು. ಸಭೆ ಇದ್ದ ದಿನ ಗಾಜಿನ ಗೂಡಿನಲ್ಲಿ ಕೂತು ಮೈಕಿಗೆ ಅನುವಾದ ಹೇಳುತ್ತೇನೆ. ಇಲ್ಲದ ದಿನ ಮೂರನೇ ಮಹಡಿಯಲ್ಲಿ ಕಾಗದಪತ್ರ ಅನುವಾದಿಸುತ್ತೇನೆ. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಪದಪಟ್ಟಿಯ ಕೆಲಸ. ಹೊಸ ಪದವೊಂದು ಬಂದರೆ ಅದಕ್ಕೆ ನಮ್ಮ ಭಾಷೆಯಲ್ಲಿ ಏನೆನ್ನಬೇಕು ಎಂದು ತೀರ್ಮಾನಿಸಿ ಸಹಿ ಹಾಕಬೇಕಾದವಳು ನಾನು. ಒಮ್ಮೆ ಹಾಕಿದರೆ ಕಡತ, ನಾಮಫಲಕ, ಭಾಷಣ ಎಲ್ಲದರಲ್ಲೂ ಅದೇ ಪದ.

ಏಪ್ರಿಲಿನಲ್ಲಿ ಸಮುದ್ರದಾಚೆಯ ಒಂದು ಸಣ್ಣ ದೇಶದಲ್ಲಿ ಸೇನಾಪತಿಯೊಬ್ಬ ಅಲ್ಲಿನ ಅಧ್ಯಕ್ಷೆಯನ್ನು ಅವಳ ಮನೆಯಲ್ಲೇ ಕೂಡಿಹಾಕಿ ಅಧಿಕಾರ ಹಿಡಿದ. ಅಧ್ಯಕ್ಷರಿಗೆ ಆ ಭಾಷೆಯಲ್ಲಿರುವ ಪದದ ಅರ್ಥ ‘ಆರಿಸಿ ಕೂರಿಸಿದವರು’. ಓಟು ಬೀಳದೆ ಯಾರೂ ಆ ಹೆಸರು ಇಟ್ಟುಕೊಳ್ಳುವಂತಿಲ್ಲ ಎಂದು ಅವರ ಸಂವಿಧಾನದಲ್ಲೇ ಬರೆದಿದೆ. ಹಾಗಾಗಿ ಅವನು ತನ್ನ ದೇಶದೊಳಗೆ ‘ಕಾಯುವವನು’ ಎಂದು ಕರೆಸಿಕೊಂಡ. ಹೊಸಿಲು ದಾಟಿದರೆ ಬೇರೆ ವೇಷ. ಅವನ ರಾಯಭಾರ ಕಚೇರಿ ನಮಗೊಂದು ಪಟ್ಟಿ ಕಳಿಸಿತು: ‘ಕಾಯುವವನು’ ಎಂಬುದನ್ನು ಆಯಾ ಭಾಷೆಯಲ್ಲಿ ಚುನಾಯಿತ ಮುಖ್ಯಸ್ಥರಿಗೆ ಏನೆನ್ನುತ್ತಾರೋ ಹಾಗೇ ಅನುವಾದಿಸಬೇಕು. ನಮ್ಮ ಭಾಷೆಯ ಎದುರು ‘ಅಧ್ಯಕ್ಷ’ ಎಂದಿತ್ತು.

ಈ ಒಂದು ಪದ ಭಾಷೆಯಿಂದ ಭಾಷೆಗೆ ಎಷ್ಟು ಬಣ್ಣ ಬದಲಿಸುತ್ತದೆ ಗೊತ್ತೇ. ಒಂದು ಕಡೆ ಅದರ ಅರ್ಥ ‘ಮುಂದೆ ಕೂತವನು’. ಇನ್ನೊಂದು ಕಡೆ ಬರೀ ‘ತಲೆ’. ಮತ್ತೊಂದರಲ್ಲಿ ‘ಮೇಲಕ್ಕೆತ್ತಲ್ಪಟ್ಟವನು’. ನಮ್ಮ ಅಧ್ಯಕ್ಷನ ಬೇರು ಹಿಡಿದು ಎಳೆದರೆ ‘ಮೇಲೆ ಕಣ್ಣಿಟ್ಟವನು’ ಎಂದು ಬರುತ್ತದೆ. ಇನ್ನು ರಾಷ್ಟ್ರಪತಿ ಎಂದರೆ ಗಂಡನಿಗೂ ದೇಶದ ದೊಡ್ಡವರಿಗೂ ಒಂದೇ ಬಾಲ. ಅಪ್ಪ ಇದ್ದಾಗ ನೀನು ಅವರನ್ನು ನಮ್ಮನೆ ರಾಷ್ಟ್ರಪತಿ ಎಂದು ಗೇಲಿ ಮಾಡುತ್ತಿದ್ದೆ, ಆಮೇಲೆ ಸಾರಿಗೆ ಉಪ್ಪು ಎಷ್ಟೆಂದು ನೀನೇ ಸುಗ್ರೀವಾಜ್ಞೆ ಹೊರಡಿಸುತ್ತಿದ್ದೆ. ಬೇರು ಏನೇ ಇರಲಿ, ಬಳಕೆಯಲ್ಲಿ ಅಧ್ಯಕ್ಷರೆಂದರೆ ನಾಲ್ಕು ಜನ ಒಪ್ಪಿ ಆರಿಸಿದವರು. ಅದು ನಮ್ಮಲ್ಲಿ ಮಗುವಿಗೂ ಗೊತ್ತು.

ಮೇ ತಿಂಗಳಲ್ಲಿ ನಾನು ಆ ಪಟ್ಟಿಗೆ ಸಹಿ ಹಾಕಿದೆ. ಆ ದಿನ ಮೇಜಿನ ಮೇಲೆ ಅರವತ್ತು ಪದಗಳಿದ್ದವು, ತಲೆ ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲ. ಕಣ್ತಪ್ಪಿತು. ಉಳಿದ ಇಪ್ಪತ್ತು ಭಾಷೆಯವರೂ ಹಾಕಿದರು. ಕುರಿ ಹಿಂದೆ ಕುರಿ.

ಸಹಿ ಕೇಳದೆ ಬಿಟ್ಟದ್ದು ಒಬ್ಬರನ್ನು ಮಾತ್ರ, ನನ್ನ ಎದುರು ಮೇಜಿನ ಅಕ್ಕನನ್ನು. ಅವರು ಆ ದೇಶದವರೇ. ಮೂಲ ಪದವೇ ಅವರ ಭಾಷೆಯದು, ಹಾಗಾಗಿ ಅವರ ಒಪ್ಪಿಗೆ ಬೇಕಿರಲಿಲ್ಲ. ಒಂಬತ್ತು ವರ್ಷದಿಂದ ಎದುರುಬದುರು ಕೂತಿದ್ದೇವೆ. ಅವರ ಯಜಮಾನರು ಅಲ್ಲಿ ಒಂದು ಶಾಲೆಯ ಹೆಡ್‌ಮೇಷ್ಟ್ರು. ಬೇಸಿಗೆ ರಜೆಗೆ ಇಲ್ಲಿಗೆ ಬಂದರೆ ನಮ್ಮ ಕಚೇರಿಯ ಸೂಚನಾಫಲಕದಲ್ಲೂ ಅಲ್ಪವಿರಾಮದ ತಪ್ಪು ಹುಡುಕುವ ಮನುಷ್ಯ. ಈ ಸಲ ಬರಲಿಲ್ಲ. ಕೇಳಿದ್ದಕ್ಕೆ ಅಕ್ಕ, ಶಾಲೆಯಲ್ಲಿ ಕೆಲಸ ಜಾಸ್ತಿ ಎಂದಿದ್ದರು.

ಸೆಪ್ಟೆಂಬರಿನಲ್ಲಿ ಆ ದೇಶದ ನ್ಯಾಯಾಲಯದ ತೀರ್ಪೊಂದು ಅನುವಾದಕ್ಕೆ ಬಂತು. ಹದಿನಾಲ್ಕು ಪುಟ. ಮೊದಲು ಅಕ್ಕ ಅದನ್ನು ಎಲ್ಲರಿಗೂ ಅರ್ಥವಾಗುವ ಕಚೇರಿ ಭಾಷೆಗೆ ತರಬೇಕು, ಅದರಿಂದ ನಾವೆಲ್ಲ ನಮ್ಮ ನಮ್ಮ ಭಾಷೆಗೆ. ಒಂದು ಚಿತ್ತೂ ಕಾಟೂ ಇಲ್ಲದ ಪ್ರತಿ ನನ್ನ ಕೈಗೆ ಬಂತು. ಆರೋಪಿ ಒಬ್ಬ ಹೆಡ್‌ಮೇಷ್ಟ್ರು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳು ‘ಕಾಯುವವನಿಗೆ’ ಜೈ ಎನ್ನಬೇಕೆಂದು ಆದೇಶ ಬಂದಿತ್ತು. ಅವರು ಜೈ ಅನ್ನಿಸಿದರಂತೆ. ಆಮೇಲೆ ತರಗತಿಗೆ ಹೋಗಿ, ಕಾಯುವವನು ಬೇರೆ, ಆರಿಸಿ ಕೂರಿಸಿದವರು ಬೇರೆ, ಪರೀಕ್ಷೆಯಲ್ಲಿ ಅದಲುಬದಲು ಮಾಡಿದರೆ ಅಂಕ ಕಳೆಯುತ್ತೇನೆ ಎಂದರಂತೆ. ಅಷ್ಟಕ್ಕೇ ಸುಳ್ಳು ಪ್ರಚಾರದ ಮೊಕದ್ದಮೆ.

ಒಂಬತ್ತನೇ ಪುಟ ನನಗೆ ಬಾಯಿಪಾಠವಾಗಿದೆ. ‘ಈ ಎರಡೂ ಪದಗಳು ಒಂದೇ ಎಂದು ಜಗತ್ತಿನ ಇಪ್ಪತ್ತೊಂದು ಭಾಷೆಗಳ ತಜ್ಞರು ಸಹಿ ಮಾಡಿ ದೃಢಪಡಿಸಿರುವಾಗ ಶಾಲಾ ಶಿಕ್ಷಕನೊಬ್ಬ ಬೇರೆ ಎನ್ನುವುದು ದುರುದ್ದೇಶವಲ್ಲದೆ ಮತ್ತೇನು?’ ನಾಲ್ಕು ವರ್ಷ ಜೈಲು. ಕೊನೆಯಲ್ಲಿ ನಮ್ಮ ಪಟ್ಟಿಯ ನಕಲು ಲಗತ್ತಿಸಿದ್ದರು. ಹನ್ನೊಂದನೇ ಸಹಿ ನನ್ನದು.

ಅಮ್ಮಾ, ಆ ಸಾಲನ್ನು ನಾನು ನನ್ನ ಕೈಯಾರೆ ನಮ್ಮ ಭಾಷೆಗೆ ತರಬೇಕಿತ್ತು. ತಂದದ್ದೂ ಆಯಿತು. ಆಮೇಲೆ ತಲೆ ಎತ್ತಿದೆ. ಅಕ್ಕ ಪೆನ್ಸಿಲ್ ಕೆತ್ತುತ್ತಿದ್ದರು.

‘ಅಕ್ಕ, ಇದು ನಿಮ್ಮ ಮನೆಯವರದ್ದಲ್ವಾ?’ ಅಂದೆ.

‘ಹೌದು.’

‘ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನಿನ್ನ ಅನುವಾದ ಕೆಡ್ತಿತ್ತು.’

‘ನೀವು ಹೇಗೆ ಮಾಡಿದ್ರಿ ಇದನ್ನ?’

‘ಆ ಭಾಷೆಗೆ ನಾನೊಬ್ಬಳೇ ಇರೋದು. ಬೇರೆ ಯಾರು ಮಾಡ್ತಾರೆ?’ ಎಂದರು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, ‘ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮ ಭಾಷೇಲಿ ಆ ಪದಕ್ಕೆ ಏನರ್ಥ?’ ಎಂದರು.

ನಿಘಂಟಿನ ಅರ್ಥವನ್ನು ಬದಿಗಿಟ್ಟೆ. ನಿನ್ನ ಕಥೆ ಹೇಳಿದೆ. ‘ನಮ್ಮಮ್ಮ ಹೊಲಿಗೆಯವರ ಸಂಘದ ಅಧ್ಯಕ್ಷೆ. ಹನ್ನೊಂದು ಜನ ಕೈ ಎತ್ತಿದ್ರು, ಎಣಿಸಿದ್ದು ನಾನೇ.’

‘ಎಲ್ಲರೂ ಎತ್ತಿದ್ರಾ?’

‘ಇಬ್ಬರು ಎತ್ತಲಿಲ್ಲ. ಅವರು ಈಗಲೂ ಅಮ್ಮನ ಅಂಗಡೀಲೇ ಗುಂಡಿ ತಗೊಳ್ತಾರೆ, ಚೌಕಾಸೀನೂ ಮಾಡ್ತಾರೆ.’

ಅಕ್ಕ ನಕ್ಕುಬಿಟ್ಟರು. ನಗುತ್ತಲೇ ಕಣ್ಣೊರೆಸಿಕೊಂಡರು. ‘ಹಂಗಾದ್ರೆ ಅದೇ ಪದ. ನಮ್ಮಲ್ಲೂ ಹಂಗೇ, ಕೈ ಎತ್ತದೋರಿಗೂ ಗುಂಡಿ ಸಿಗಬೇಕು’ ಎಂದರು. ಹಾಗಿದ್ದರೆ ಯಾಕೆ ಸಹಿ ಹಾಕಿದೆ ಎಂಬ ಮುಂದಿನ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ. ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಸಹಿ ಹಾಕಿದ ಆರು ತಿಂಗಳೊಳಗೆ, ಕಾರಣ ಬರೆದುಕೊಟ್ಟು ಅದನ್ನು ವಾಪಸ್ ಪಡೆಯಬಹುದು ಎಂದು ನಿಯಮವಿದೆ. ಮರುದಿನ ಬೆಳಗ್ಗೆ ಮೂರು ಸಾಲು ಬರೆದುಕೊಟ್ಟೆ. ನಮ್ಮ ವಿಭಾಗದ ಮುಖ್ಯಸ್ಥರು ಕರೆದರು. ಅವರಿಗೆ ನಾವಿಟ್ಟ ಹೆಸರು ಪೂರ್ಣವಿರಾಮ, ಅವರು ಬಾಯಿಬಿಟ್ಟ ಮೇಲೆ ಬೇರೆಯವರ ವಾಕ್ಯ ಮುಂದುವರಿಯುವುದಿಲ್ಲ. ಕೆಟ್ಟವರಲ್ಲ. ಗಾಳಿ ಬಂದ ಕಡೆಯ ಕಿಟಕಿ ಮುಚ್ಚುವವರು.

‘ನೋಡಮ್ಮ, ನಾವು ಬರೀ ಕೊಳಾಯಿ. ನೀರು ಸಿಹಿನೋ ಉಪ್ಪೋ, ಕೊಳಾಯಿಗ್ಯಾಕೆ?’ ಎಂದರು.

‘ಸರ್, ಈ ನೀರಿನ ಬಾಟಲಿಗೆ ಸಿಹಿನೀರು ಅಂತ ಚೀಟಿ ಅಂಟಿಸಿದ್ದು ನಾನು. ಅದನ್ನ ಕಿತ್ತು ಹಾಕ್ತೀನಿ ಅಂತಿದೀನಿ ಅಷ್ಟೇ.’

ಅವರು ನನ್ನ ಚೀಟಿಯ ಮೇಲೆ ‘ಪರಿಶೀಲನೆಯಲ್ಲಿದೆ’ ಎಂದು ಬರೆದರು. ಪರಿಶೀಲನೆ ಮುಗಿಯುವವರೆಗೆ ಹಳೆಯ ಪದವೇ ನಡೆಯಲಿ ಎಂದರು. ಆ ಪರಿಶೀಲನೆ ನನ್ನ ನಿವೃತ್ತಿಯವರೆಗೂ ನಡೆಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಅಕ್ಟೋಬರಿನ ಸಭೆಯಲ್ಲಿ ಆ ದೇಶದ ಪ್ರತಿನಿಧಿ ಮಾತಿಗೆ ಎದ್ದ. ನಮ್ಮ ಭಾಷೆಯ ಗೂಡಿನಲ್ಲಿ ನಾನಿದ್ದೆ. ಎರಡನೇ ವಾಕ್ಯದಲ್ಲೇ ಆ ಪದ ಬಂತು. ಮುಂದಿದ್ದ ಹಾಳೆಯಲ್ಲಿ ‘ಅಧ್ಯಕ್ಷ’ ಎಂದಿತ್ತು. ಅದನ್ನು ಬಿಟ್ಟು ಬೇರೆ ಪದ ಹುಡುಕಿದೆ. ‘ಕಾವಲುಗಾರ’ ಎಂದರೆ ಗೇಟಿನ ಹತ್ತಿರ ನಿಲ್ಲುವವನಾಗುತ್ತಾನೆ, ಅದು ಅವಮಾನ. ‘ರಕ್ಷಕ’ ಎಂದರೆ ಹೊಗಳಿಕೆ. ನಾನು ಸೇಡು ತೀರಿಸಿಕೊಳ್ಳಲು ಕೂತಿರಲಿಲ್ಲ. ‘ಪಾಲಕ’ ಎಂದೆ. ಅದೇ ಸರಿಯಾದ ಪದ. ಆ ಭಾಷಣದಲ್ಲಿ ಹನ್ನೊಂದು ಸಲ ಬಂತು, ಹನ್ನೊಂದು ಸಲವೂ ‘ಪಾಲಕ’ ಎಂದೆ. ಕೆಳಗೆ ನಮ್ಮ ಭಾಷೆಯವರು ಒಬ್ಬೊಬ್ಬರಾಗಿ ತಿರುಗಿ ಗಾಜಿನತ್ತ ನೋಡಿದರು. ಹೆಡ್‌ಫೋನ್ ಹಾಕಿಕೊಂಡಿದ್ದ ಪತ್ರಕರ್ತನೊಬ್ಬ ಗೀಚಿಕೊಂಡ. ಅವನು ಅರ್ಧ ಕೇಳಿ ಪೂರ್ತಿ ಬರೆದದ್ದೇ ನಿನ್ನ ಕನ್ನಡಿಯ ಪಕ್ಕ ತೂಗುತ್ತಿರುವುದು.

ಆಮೇಲೆ ಏಳು ಭಾಷೆಯವರು ತಮ್ಮ ಸಹಿ ವಾಪಸ್ ಕೇಳಿದರು. ಸುದ್ದಿ ಹೊರಗೆ ಬಿದ್ದ ಮೇಲೆ ನಮ್ಮ ಚೀಟಿಗಳನ್ನು ಒಳಗಿಡಲಾಗಲಿಲ್ಲ. ಈಗ ಪಟ್ಟಿಯಲ್ಲಿ ಉಳಿದಿರುವುದು ಹದಿಮೂರು. ಮೇಷ್ಟ್ರಿನ್ನೂ ಜೈಲಿನಲ್ಲೇ ಇದ್ದಾರೆ, ಅದನ್ನು ಮುಚ್ಚಿಟ್ಟು ನಿನ್ನನ್ನು ಸಮಾಧಾನ ಮಾಡುವುದಿಲ್ಲ. ಆದರೆ ತಜ್ಞರೆಲ್ಲ ಒಂದೇ ಮಾತು ಹೇಳಿಲ್ಲ ಎಂಬ ಕಾರಣಕ್ಕೆ ಮೇಲ್ಮನವಿ ಸ್ವೀಕರಿಸಿದ್ದಾರೆ. ತಿಂಗಳಿಗೊಮ್ಮೆ ಭೇಟಿಗೂ ಅನುಮತಿ ಸಿಕ್ಕಿದೆ. ಅಕ್ಕ ಮಂಗಳವಾರ ಹೋದರು. ಹೋಗುವಾಗ ನನ್ನ ಮೇಜಿನ ಮುಂದೆ ನಿಂತು, ‘ಅವರು ನಿನ್ನ ಪದ ಕೇಳ್ತಾರೆ. ಕೇಳಿ, ತಪ್ಪೇನಾದ್ರೂ ಇದ್ದರೆ ತಿದ್ದೇ ತಿದ್ದುತ್ತಾರೆ’ ಎಂದರು.

ಗುರುವಾರ ನನ್ನ ವಿಚಾರಣೆ. ಅನುಮತಿಯಿಲ್ಲದೆ ಪದ ಬದಲಿಸಿದ್ದು ಒಂದು ಆರೋಪ. ಅಷ್ಟು ತಿಳಿದವಳು ಮೇ ತಿಂಗಳಲ್ಲಿ ಯಾಕೆ ಸಹಿ ಹಾಕಿದೆ ಎಂಬುದು ಇನ್ನೊಂದು ಪ್ರಶ್ನೆ. ಪೂರ್ಣವಿರಾಮರು ಒಂದು ದಾರಿ ತೋರಿಸಿದ್ದಾರೆ: ‘ಕೆಲಸದ ಒತ್ತಡದಲ್ಲಿ ಕಣ್ತಪ್ಪಿತು ಅಂತ ಬರ್ದುಕೊಡಿ, ಒಂದು ಎಚ್ಚರಿಕೆ ಕೊಟ್ಟು ಮುಗಿಸ್ತಾರೆ.’ ಬರೆದು ಇಟ್ಟುಕೊಂಡಿದ್ದೇನೆ. ‘ಪಾಲಕ’ ಎಂದದ್ದರಿಂದ ಮಾತ್ರ ಒಂದು ಅಕ್ಷರವೂ ಹಿಂದೆ ಸರಿಯುವುದಿಲ್ಲ. ಅದಕ್ಕೆ ಏನು ಶಿಕ್ಷೆ ಕೊಟ್ಟರೂ ಬರಲಿ.

ನಿನಗೆ ಹೇಳುವುದಿಷ್ಟೇ, ಆ ಪೇಪರಿನ ತುಂಡನ್ನು ಕೆಳಗಿಳಿಸು. ತಪ್ಪು ಹೊಲಿಗೆ ಕಂಡ ಮೇಲೂ ಇಸ್ತ್ರಿ ಹಾಕಿ ಗಿರಾಕಿಗೆ ಕೊಟ್ಟವಳಲ್ಲ ನೀನು. ಕೇಳಿದವರಿಗೆ, ನನ್ನ ಮಗಳು ಮೊದಲು ಸಹಿ ಹಾಕಿದ್ದಳು, ಆಮೇಲೆ ಕಿತ್ತಳು ಎಂದು ಹೇಳು. ನಿನಗೆ ನಾಚಿಕೆಯಾಗುತ್ತದೆ ಎಂದು ಗೊತ್ತು. ನಿನ್ನ ನಾಚಿಕೆಯಲ್ಲಿ ನನಗೂ ಪಾಲಿರಲಿ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಹೊಲಿಗೆ ಯಂತ್ರದ ಪೆಡಲ್ ತುಳಿಯುವುದನ್ನು ಕಡಿಮೆ ಮಾಡು ಎಂದರೆ ಕೇಳುವವಳಲ್ಲ, ಆದರೂ ಬರೆಯುತ್ತೇನೆ.

ಇಂತಿ, ತಪ್ಪನ್ನೂ ಉದ್ದುದ್ದ ಹೇಳುವ
ನಿನ್ನ ಮಾತಿನಮಲ್ಲಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಲಕೋಟೆಗೆ ಅಂಟು ಹಚ್ಚುವ ಮುಂಚೆ ಇಡೀ ಕಾಗದ ಓದಿದೆ. ಕಣ್ತಪ್ಪಿತು ಎಂದು ನಿನಗೂ ಸುಳ್ಳು ಬರೆದಿದ್ದೇನೆ. ಆ ದಿನ ಪಟ್ಟಿಯಲ್ಲಿದ್ದದ್ದು ಅರವತ್ತು ಪದಗಳಲ್ಲ, ಒಂಬತ್ತು. ಇದು ನಾಲ್ಕನೆಯದು. ಅಲ್ಲಿ ನನ್ನ ಪೆನ್ನು ನಿಂತಿತು. ಇದು ಸರಿಯಿಲ್ಲ ಎಂದು ಗೊತ್ತಾಗಿ, ಎದ್ದು ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ಬಂದೆ. ಮರುವಾರ ಬಡ್ತಿಯ ಪಟ್ಟಿ ಪೂರ್ಣವಿರಾಮರ ಮೇಜಿಗೆ ಹೋಗುವುದಿತ್ತು. ಕೂತು ಸಹಿ ಹಾಕಿದೆ. ಜೂನಿನಲ್ಲಿ ಬಡ್ತಿ ಬಂತು. ಅಕ್ಕನಿಗೂ ಇದು ಗೊತ್ತಿಲ್ಲ. ಇವತ್ತೇ ಅವರಿಗೂ ಬರೆಯುತ್ತೇನೆ. ಕಣ್ತಪ್ಪಿತು ಎಂದರೆ ಆ ಎರಡು ಪದಗಳು ಗೊಂದಲ ಹುಟ್ಟಿಸುವಷ್ಟು ಹತ್ತಿರವಿವೆ ಎಂದಾಗುತ್ತದೆ. ಗೊಂದಲವೇ ಇರಲಿಲ್ಲ. ಮೇಷ್ಟ್ರು ಮಕ್ಕಳಿಗೆ ಹೇಳಿದ್ದೂ ಅಷ್ಟೇ. ಬರೆದಿಟ್ಟಿದ್ದ ಹೇಳಿಕೆಯನ್ನು ಈಗ ಹರಿದುಹಾಕಿದೆ. ಗುರುವಾರ, ಎರಡೂ ಪದ ಬೇರೆ ಎಂದು ತಿಳಿದೇ ಸಹಿ ಹಾಕಿದೆ ಎನ್ನುತ್ತೇನೆ.