ನಿಮ್ಮಪ್ಪ ಸುಳ್ಳು ಹೇಳಿರಲಿಲ್ಲ

ರಾಮಗಿರಿ
೧೭-೧೧-೨೦೨೪

ನನ್ನ ಮುದ್ದು ಕಾವ್ಯಶ್ರೀಗೆ,

ಹಿರಿಯೂರಿನಲ್ಲಿ ನೀನು, ಅಳಿಯಂದಿರು, ಮಗು ಎಲ್ಲರೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ಫೋನಿನಲ್ಲಿ ಆಗದ ಮಾತು ಇದು. ಏಳನೇ ಕ್ಲಾಸಿನವರೆಗೆ ಓದಿದ ಕೈ, ದಿನಾ ಡೈರಿಯಲ್ಲಿ ನಾಲ್ಕು ಸಾಲು ಗೀಚುವುದು ಬಿಟ್ಟರೆ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ಅಪ್ಪ ಹೋಗಿ ಇವತ್ತಿಗೆ ಎರಡು ತಿಂಗಳು. ನೀನು ಮಾಡಿದ ಒಂದು ಉಪಕಾರದ ಮಾತು ಹೇಳಬೇಕಿತ್ತು. ಅದಕ್ಕೂ ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು.

ನೀನು ಹುಟ್ಟಿದ ವರ್ಷ ನಿಮ್ಮಪ್ಪ ಬೀಡಿ ಬಿಟ್ಟರು. ಹೋದ ವರ್ಷ ಕೆಮ್ಮು, ಏದುಸಿರು ಶುರುವಾದಾಗ ಕದ್ದು ಸೇದುತ್ತಿದ್ದಾರೆಂದು ನನಗೆ ಅನುಮಾನ ಬಂತು. ನಮ್ಮಪ್ಪನೂ ಬೀಡಿ ಸೇದಿ ಹಾಗೇ ಕೆಮ್ಮಿ ಕೆಮ್ಮಿ ಹೋದವನಲ್ಲವೇ. ನಿನಗೆ ಹೇಳದೆ ನಿಮ್ಮಪ್ಪನನ್ನು ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋಗಿ ಬೀಡಿ ಮುಟ್ಟಿಲ್ಲ ಎಂದು ದೇವರ ಮುಂದೆ ಕರ್ಪೂರ ಆರಿಸಿ ಆಣೆ ಮಾಡಿ ಎಂದೆ. ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿ ಸುಳ್ಳಾಣೆ ಇಟ್ಟರೆ ದೇವರು ಸುಮ್ಮನಿರುವುದಿಲ್ಲ ಎಂದು ನಾವು ನಂಬಿದವರು. ಅವರು ಆಣೆ ಮಾಡಿ ಆರಿಸಿದರು.

ತಿಂಗಳು ತುಂಬುವುದರೊಳಗೆ ಎದೆಯಲ್ಲಿ ನೀರು ತುಂಬಿತು. ದೇವರು ತೋರಿಸಿಬಿಟ್ಟ ಎಂದುಕೊಂಡೆ. "ದೇವ್ರ ಮುಂದೂ ಸುಳ್ಳು ಹೇಳಿದ್ರಲ್ಲ ನೀವು" ಎಂದುಬಿಟ್ಟೆ. ಅವರು, "ಸುಳ್ಳು ಹೇಳಿ ಸಿಕ್ಕಾಕ್ಕಳದಾಗಿದ್ರೆ ಬೀಡಿನಾದ್ರೂ ಸೇದಿರ್ತಿದ್ದೆ ಕಣೇ, ಅದೂ ಇಲ್ಲ, ಇದೂ ಇಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮೂರು ವಾರ ಅವರಿಗೆ ಊಟ ಬಡಿಸಿದೆ, ಮಾತಾಡಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗಾಣ ಎಂದು ನೀನು ಬಂದಾಗ ಅಡ್ಡ ನಿಂತವಳೂ ನಾನೇ. ದೇವರು ಕೊಟ್ಟ ಶಿಕ್ಷೆಗೆ ಡಾಕ್ಟರು ಏನು ಮಾಡುತ್ತಾರೆ ಎಂದೆ. ನೀನು ನನ್ನ ಜೊತೆ ಜಗಳ ಮಾಡಿ ಅವರನ್ನು ಕಾರು ಹತ್ತಿಸಿದೆ. ಮನಸ್ಸು ತಡೆಯದೆ ನಾನೂ ಹತ್ತಿದೆ.

ಆ ಡಾಕ್ಟರಮ್ಮ ಕೇಳಿದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. "ಗೊಲ್ಲಪ್ಪಾರೇ, ಈಗಿನದು ಬಿಡ್ರಿ. ಮೂವತ್ತು ವರ್ಷದ ಹಿಂದೆ ಏನ್ ಕೆಲಸ ಮಾಡ್ತಿದ್ರಿ?"

"ಕುರಿ ಮೇಯ್ಸಾಕೆ ಮುಂಚೆ ಚಿತ್ರದುರ್ಗದಾಗೆ ಗೋಡೌನ್‌ಗಳಿಗೆ ಸಿಮೆಂಟ್ ಶೀಟು ಕೊಯ್ತಿದ್ದೆ. ಒಂಬತ್ತು ವರ್ಷ."

"ಧೂಳು ಬರ್ತಿತ್ತಲ್ಲ, ಮುಖಕ್ಕೆ ಏನ್ ಕಟ್ಕಳ್ತಿದ್ರಿ?"

"ಮೀಸೆ ಇತ್ತಲ್ಲ ಮೇಡಂ!"

ಡಾಕ್ಟರಮ್ಮ ನಗಲಿಲ್ಲ. ಎದೆಯೊಳಗಿನ ಪೊರೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ವಾರದ ಮೇಲೆ ಬಂದ ಹೆಸರನ್ನು ನನ್ನ ಡೈರಿಯಲ್ಲಿ ಅವರೇ ಬರೆದುಕೊಟ್ಟರು: ಮೀಸೋಥೀಲಿಯೋಮಾ. ಆ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದಂತೆ. ಕೊಯ್ಯುವಾಗ ಕಣ್ಣಿಗೆ ಕಾಣದ ಎಳೆಗಳು ಉಸಿರಿನ ಜೊತೆ ಒಳಗೆ ಹೋಗಿ, ಶ್ವಾಸಕೋಶದ ಸುತ್ತ ಇರುವ ಪೊರೆಗೆ ಚುಚ್ಚಿಕೊಂಡು ಕೂರುತ್ತವಂತೆ. ಮೂವತ್ತು ನಲವತ್ತು ವರ್ಷ ಸುಮ್ಮನಿದ್ದು, ಆಮೇಲೆ ಕ್ಯಾನ್ಸರ್ ಆಗಿ ಏಳುತ್ತದಂತೆ.

"ಬೀಡಿಯಿಂದ ಬರ್ತೈತೇನಮ್ಮ?" ಎಂದು ಕೇಳಿದೆ.

"ಇಲ್ರೀ. ಬೀಡಿ ಬೇರೆ ಕಾಯಿಲೆ ತರುತ್ತೆ. ಇದು ಆ ಧೂಳಿಂದ ಬಂದಿದ್ದು."

ನಾನು ನೆಲ ನೋಡಿದೆ. ನಿನಗೆ ಎಲ್ಲಾ ಅರ್ಥವಾಗಿತ್ತು. ಆದರೂ ಹಂಗಿಸಲು ನೀನು ನನ್ನ ಕಡೆ ತಿರುಗಲಿಲ್ಲ, ಕಿಟಕಿ ನೋಡುತ್ತಾ ನಿಂತೆ. ಆ ಒಂದು ಉಪಕಾರ ಸಾಯುವವರೆಗೂ ಮರೆಯುವುದಿಲ್ಲ ಮಗಳೇ.

ವಾಸಿಯಾಗುವ ಹಂತ ದಾಟಿತ್ತು, ನಿಜ. ಆದರೆ ಮೂರು ಸಲ ನೀರು ತೆಗೆದಿದ್ದಕ್ಕೆ ನಾಲ್ಕು ತಿಂಗಳು ಅವರು ಕೂತು ಉಂಡರು, ಮಲಗಿ ನಿದ್ದೆ ಮಾಡಿದರು, ಕುರಿಮರಿಗಳಿಗೆ ಬೈದರು. ನೀನು ಹಟ ಮಾಡದಿದ್ದರೆ ಅವರನ್ನು ಸುಳ್ಳುಗಾರನೆಂದೇ ಮಣ್ಣು ಮಾಡುತ್ತಿದ್ದೆ.

ನಿಮ್ಮ ಯೋಗೇಶ್ ಮಾವ ಹೋದ ತಿಂಗಳು ಹೊಸದುರ್ಗದಿಂದ ಬಂದಿದ್ದ. ಅವನೂ ಹತ್ತು ವರ್ಷದಿಂದ ಅದೇ ಶೀಟಿನ ಕೆಲಸದವನಲ್ಲವೇ. "ನಾನು ಗಟ್ಟಿ ಆಳು ಕಣಕ್ಕ" ಅಂದ. "ನಿಮ್ಮ ಭಾವನೂ ಮೂವತ್ತು ವರ್ಷ ಗಟ್ಟಿಯಾಗೇ ಇದ್ರು ಕಣಲೇ" ಎಂದೆ. ಎಕ್ಸ್‌ರೇ ತೆಗೆಸಿದ್ದಾನೆ, ಸದ್ಯಕ್ಕೆ ಏನೂ ಇಲ್ಲ. ವರ್ಷಕ್ಕೊಮ್ಮೆ ತೋರಿಸಬೇಕಂತೆ. ಶೀಟು ಕೊಯ್ಯುವುದನ್ನು ಬಿಟ್ಟು ಈಗ ತಗಡು ಹೊದಿಸುವ ಕೆಲಸ ಮಾತ್ರ ಹಿಡಿಯುತ್ತಾನೆ. ಇದೂ ನಿನ್ನ ಪುಣ್ಯವೇ.

ನಿನ್ನ ಮಾತನ್ನು ತಡವಾಗಿಯಾದರೂ ಕೇಳಿದ,
ನಿನ್ನ ಅವ್ವ
ಕಾಟಮ್ಮ

ವಿ.ಸೂ.: "ಅಪ್ಪನತ್ರ ತಪ್ಪಾಯ್ತು ಅಂದ್ಯೇನವ್ವ?" ಎಂದು ತಿಥಿಯ ದಿನ ನೀನು ಕೇಳಿದಾಗ ಹೂಂ ಅಂದಿದ್ದೆ. ಅದು ಸುಳ್ಳು. ಹೋಗುವ ಹಿಂದಿನ ದಿನ ಬೆಳಿಗ್ಗೆ ಕಾಲ ಹತ್ತಿರ ಕೂತೆ, ತಪ್ಪಾಯ್ತು ಅನ್ನಲು ಬಾಯಿ ಬರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ, "ನಿಂಗೆ ಬೈಯಾಕೆ ಅಷ್ಟೇ ಬರೋದು, ಬಿಡೇ. ಒಂದ್ ಲೋಟ ಕಾಫಿ ತಗಂಬಾ, ಇಬ್ರೂ ಕುಡಿಯಾಣ" ಅಂದರು. ಒಂದೇ ಲೋಟದಲ್ಲಿ ಕುಡಿದೆವು.