ಒಂಬತ್ತನೇ ಕ್ಯೂಬ್

ಸೋಡಾಬುಡ್ಡಿ,

ಹಾಗೆ ಕರೆದರೆ ಈಗಲೂ ಸಿಟ್ಟು ಬರುತ್ತದೆಯೇ? ನಿನ್ನ ವಿಳಾಸ ನನ್ನಲ್ಲಿಲ್ಲ. ಇದ್ದಿದ್ದರೂ ಇದನ್ನು ಕಳಿಸುತ್ತಿರಲಿಲ್ಲ.

ಇವತ್ತು ನನ್ನ ಸಂಶೋಧನಾ ವಿದ್ಯಾರ್ಥಿನಿ ನಮ್ಮಿಬ್ಬರ ಹಳೇ ಪ್ರಯೋಗದ ಪುಸ್ತಕ ಹಿಡಿದು ಬಂದಳು.

"ಮೇಡಂ, ಎಂಟನೇ ಕಾಂಕ್ರೀಟ್ ಕ್ಯೂಬ್ ಆದ್ಮೇಲೆ ನೇರ ಹತ್ತನೇದಿದೆ. ಒಂಬತ್ತನೇದೆಲ್ಲಿ?"

"ಎಣಿಸೋವಾಗ ತಪ್ಪಿರ್ಬೇಕು, ಬಿಡಮ್ಮ," ಎಂದೆ.

ಆ ಕ್ಯೂಬ್ ಪರೀಕ್ಷೆಯಲ್ಲಿ ತಾಳಬೇಕಿದ್ದ ಭಾರದ ಅರ್ಧಕ್ಕೇ ಪುಡಿಯಾದಾಗ ನಮ್ಮ ಗೈಡ್ ನಿನಗೆ ಹೇಳಿದ್ದೂ ಅದೇ ಮಾತು: ಬಿಡಮ್ಮ. ನೀನು ಅದನ್ನು ಬಿಡಲಿಲ್ಲ, ವಿಶ್ವವಿದ್ಯಾಲಯವನ್ನೇ ಬಿಟ್ಟೆ. ಆ ಪುಟ ಹರಿದು ತೆಗೆದವಳು ನಾನು.

ಅದೇ ಮಿಶ್ರಣದಿಂದ ಕಟ್ಟಿದ ಲೈಬ್ರರಿಯ ತೊಲೆಯಲ್ಲೀಗ ಬಿರುಕು ಬಿದ್ದಿದೆ. ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ್ದೆ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಮಧ್ಯಾಹ್ನ ಏಣಿ ಹತ್ತಿ ನೋಡಿದೆ. ಒಡೆದಿತ್ತು. ಕೆಳಗೆ ಮಕ್ಕಳು ಪರೀಕ್ಷೆಗೆ ಓದುತ್ತಿದ್ದರು, ಒಂದು ಕುರ್ಚಿಯೂ ಖಾಲಿಯಿರಲಿಲ್ಲ.

"ಏನ್ ಮೇಡಂ, ಒಡ್ದೋಗಿದ್ಯಾ?" ಎಂದು ಗ್ರಂಥಪಾಲಕರು ಕೆಳಗಿನಿಂದ ಕೇಳಿದರು.

"ಯಾರ್ದೋ ಕೈ ತಗುಲಿರ್ಬೇಕು," ಎಂದೆ. ನೆಲದಿಂದ ಹನ್ನೆರಡು ಅಡಿ ಮೇಲೆ! ಅವರು ತಲೆಯಾಡಿಸಿದರು. ನಾನು ಹೊಸ ಗಾಜು ಅಂಟಿಸಿ ಇಳಿದು ಬಂದೆ.

ನಿನ್ನ ಅಕ್ಷರದ ಆ ಪುಟ ಈಗ ನನ್ನ ಮೇಜಿನ ಮೇಲಿದೆ. ಫ್ಯಾನಿನ ಗಾಳಿಗೆ ಹಾರದಿರಲೆಂದು ಒಡೆದ ಗಾಜನ್ನು ಅದರ ಮೇಲಿಟ್ಟಿದ್ದೇನೆ.